ಓದುಗರ ಸ್ಪಂದನ: ‘ಆ ಪಟ್ಟಿಯಲ್ಲಿ ಇರೋದೆಲ್ಲ ನಾನೇ’

ಕಳೆದ ಸಂಚಿಕೆಯಲ್ಲಿ ಹಾಸನದ ಎಂ.ಎ. ವಿದ್ಯಾರ್ಥಿನಿಯೊಬ್ಬರು ಬರೆದ ಪತ್ರ ನಿಮಗೆ ನೆನಪಿರಬಹುದು. ಮನಶ್ಶಾಸ್ತ್ರ ಓದುತ್ತಿರುವ ಅವರು ಪ್ರಾಜೆಕ್ಟಿಗೆ ಲೈಂಗಿಕ ದೌರ್ಜನ್ಯದ ಸಂಶೋಧನೆಗಳನ್ನು ಆರಿಸಿಕೊಂಡಿದ್ದಾರೆ. ಯಾರಿಗೆ ಅಪಾಯ ಜಾಸ್ತಿ, ಆಮೇಲೆ ಮನಸ್ಸಿಗೆ ಏನಾಗುತ್ತದೆ ಎಂಬ ವಿಷಯ. ಓದುತ್ತಾ ಹೋದಂತೆ, ಡಿಗ್ರಿ ಎರಡನೇ ವರ್ಷದಲ್ಲಿ ತಮಗೇ ಆದದ್ದು ಎದ್ದು ಬಂದು ಎದುರಿಗೆ ಕೂತಿತು. ಓದಲೆಂದು ಉಳಿದುಕೊಂಡಿದ್ದ ನೆಂಟರ ಮನೆ, ಆ ಮನೆಯ ಅಳಿಯ, ಬೇರೆ ಯಾರೂ ಇಲ್ಲದ ಒಂದು ಮಧ್ಯಾಹ್ನ. ‘ನಾನು ಕೂಗಲಿಲ್ಲ. ಕೈ ಕೂಡ ಎತ್ತಲಿಲ್ಲ. ಅಪಾಯದ ಅಂಶಗಳು ಅಂತ ಪುಸ್ತಕದಲ್ಲಿ ಕೊಟ್ಟ ಪಟ್ಟಿ ನೋಡಿದರೆ ಅಲ್ಲಿ ಇರೋದೆಲ್ಲ ನಾನೇ. ಹಾಗಾದರೆ ತಪ್ಪು ನನ್ನದೇ ಅಲ್ವಾ? ವಿಷಯ ಬದಲಿಸಲಾ? ಅಮ್ಮನಿಗೆ ಹೇಳಲಾ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಬರೆದವರ ಗುರುತು ಸಿಗುವ ವಿವರ ತೆಗೆದಿದ್ದೇವೆ.

ತಂಗಿ, ಮೊದಲು ಆ ಪಟ್ಟಿಯ ವಿಷಯ. ನಾನು ತುಂಬಾ ವರ್ಷ ಡಿಗ್ರಿ ಮಕ್ಕಳಿಗೆ ಮನಶ್ಶಾಸ್ತ್ರ ಹೇಳಿಕೊಟ್ಟು ಈಗ ಆಲೂರು ಕಡೆ ತೋಟ ನೋಡಿಕೊಂಡಿದ್ದೇನೆ. ಇಲ್ಲಿ ಆನೆ ಎಲ್ಲಿದೆ ಎಂದು ಮೊಬೈಲಿಗೆ ಮೆಸೇಜು ಬರುತ್ತದೆ. ಯಾರಿಗೆ ಅಪಾಯ ಜಾಸ್ತಿ ಎಂದು ಲೆಕ್ಕ ಹಾಕಿದರೆ ಕಾಡಂಚಿನ ಲೈನ್ ಮನೆಯವರು, ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಹೊರಡುವವರು, ನಡೆದೇ ಹೋಗುವವರು ಸಿಗುತ್ತಾರೆ. ರಿಸ್ಕ್ ಫ್ಯಾಕ್ಟರ್ ಅಂದರೆ ಇಷ್ಟೇ. ಸಾವಿರ ಜನರಲ್ಲಿ ಯಾವ ಗುಂಪಿನವರಿಗೆ ಜಾಸ್ತಿ ಆಗಿದೆ ಎಂಬ ಎಣಿಕೆ. ಆ ಸಾವಿರದೊಳಗೆ ನಿಮಗೇ ಯಾಕಾಯಿತು ಎಂದು ಅದಕ್ಕೆ ಗೊತ್ತಿಲ್ಲ. ತಪ್ಪು ಯಾರದು ಎಂದಂತೂ ಅದು ಕೇಳುವುದೇ ಇಲ್ಲ. ಹೋಲಿಕೆ ಇಲ್ಲಿಗೇ ನಿಲ್ಲಲಿ. ಆನೆಗೆ ಸರಿ ತಪ್ಪು ತಿಳಿಯದು. ಮನೆಯವರೆಲ್ಲ ಹೊರಗೆ ಹೋದ ಹೊತ್ತು ನೋಡಿಕೊಂಡ ಆ ಅಳಿಯನಿಗೆ ಚೆನ್ನಾಗಿ ತಿಳಿದಿತ್ತು.

ಆ ಪಟ್ಟಿಗಳು ಹುಟ್ಟಿದ್ದು ಹೇಗೆ ಅನ್ನುವುದನ್ನೂ ನೋಡಿ. ಸಂಶೋಧಕರು ಪ್ರಶ್ನೆ ಕೇಳಿದ್ದು ಹೆಚ್ಚಾಗಿ ಹೆಂಗಸರನ್ನೇ. ಎಲ್ಲಿಗೆ ಹೋಗಿದ್ದೆ, ಕುಡಿದಿದ್ದೆಯಾ, ಜೊತೆಗೆ ಯಾರಿದ್ದರು. ಯಾರನ್ನು ಕೇಳುತ್ತೀರೋ ಅವರ ಪಟ್ಟಿಯೇ ಉದ್ದವಾಗುತ್ತದೆ! ಅಮೆರಿಕದ ಮೇರಿ ಕಾಸ್ ಅವರು 1987ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಕೈಗೆ ಬಂದೇ ಇರುತ್ತದೆ. 32 ಕಾಲೇಜು, 6,159 ವಿದ್ಯಾರ್ಥಿಗಳು. ಅತ್ಯಾಚಾರ ಎಂಬ ಒಂದು ಪದವನ್ನು ನಂಬಿ ಕೂರದೆ, ಏನೇನು ನಡೆಯಿತು ಎಂದು ಬಿಡಿಬಿಡಿಯಾಗಿ ಕೇಳಿದ್ದು ಆಕೆಯ ಜಾಣತನ. ಕಾನೂನಿನ ಪ್ರಕಾರ ಅತ್ಯಾಚಾರವೇ ಆಗಿದ್ದ ಹೆಂಗಸರಲ್ಲಿ ನೂರಕ್ಕೆ 27 ಜನ ಮಾತ್ರ ಅದಕ್ಕೆ ಆ ಹೆಸರು ಕೊಟ್ಟಿದ್ದರು. 84 ಜನಕ್ಕೆ ಮಾಡಿದವನು ಗುರುತಿದ್ದವನೇ. 42 ಜನ ಯಾರಿಗೂ ಹೇಳಿರಲಿಲ್ಲ. ನಿಮಗೆ ಇಷ್ಟು ದಿನ ಆದಮೇಲೆ, ಯಾರದೋ ಪ್ರಶ್ನಾವಳಿ ಓದುವಾಗ ಹೊಳೆದದ್ದರಲ್ಲಿ ವಿಚಿತ್ರ ಏನಿದೆ ಹೇಳಿ?

ಅದೇ ಅಧ್ಯಯನದಲ್ಲಿ ಗಂಡುಮಕ್ಕಳನ್ನೂ ಕೇಳಿದ್ದರು. ನೂರಕ್ಕೆ ಏಳೆಂಟು ಜನ, ಅತ್ಯಾಚಾರ ಅಥವಾ ಅದರ ಯತ್ನ ಅನ್ನಿಸಿಕೊಳ್ಳುವಂಥದ್ದನ್ನು ಮಾಡಿದ್ದೇವೆ ಎಂದು ತಾವೇ ಗುರುತು ಹಾಕಿದರು. ನಿಮ್ಮ ಪ್ರಾಜೆಕ್ಟಿನ ಒಂದು ಅಧ್ಯಾಯವನ್ನು ಇಂಥವರಿಗೆ ಬಿಡಿ. ಹೆಂಗಸರ ಮೇಲಿನ ಸಿಟ್ಟು, ಇದನ್ನೇ ಗಂಡಸುತನ ಎಂದು ಬೆನ್ನು ತಟ್ಟುವ ಗೆಳೆಯರು, ‘ನನಗೆ ಹಕ್ಕಿದೆ’ ಎಂಬ ದರ್ಪ. ಆ ಪಟ್ಟಿಯನ್ನೂ ಸಂಶೋಧಕರು ಮಾಡಿದ್ದಾರೆ. ಓದಿ ನೋಡಿ, ಅದರಲ್ಲಿ ನಿಮ್ಮದು ಒಂದೂ ಇಲ್ಲ.
ನಿವೃತ್ತ ಉಪನ್ಯಾಸಕಿ, ಆಲೂರು ತಾಲ್ಲೂಕು

‘ಕೈ ಕೂಡ ಎತ್ತಲಿಲ್ಲ’ ಎಂದು ಬರೆದಿದ್ದೀರಿ. ಆಪ್ತ ಸಮಾಲೋಚಕಿಯಾಗಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹಳ್ಳಿಯಿಂದ ಬಂದವರು ‘ಕೈಕಾಲು ಬಿದ್ದೇ ಹೋಯ್ತು’ ಅನ್ನುತ್ತಾರೆ. ಓದಿದವರು ‘ನಾನು ಯಾಕೆ ಸುಮ್ನಿದ್ದೆ’ ಅನ್ನುತ್ತಾರೆ. ಎರಡೂ ಒಂದೇ. ಭಯ ಮಿತಿ ಮೀರಿದಾಗ ಮೈ ಮರಗಟ್ಟುತ್ತದೆ, ದನಿ ಹೊರಡುವುದಿಲ್ಲ. ಇದು ಮೈ ತಾನಾಗಿ ಮಾಡುವ ಕೆಲಸ, ನಿಮ್ಮನ್ನು ಕೇಳಿ ಮಾಡುವುದಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಅತ್ಯಾಚಾರಕ್ಕೆ ಒಳಗಾದವರ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಹೆಂಗಸರನ್ನು ಮಾತಾಡಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೂರಕ್ಕೆ 70 ಜನ ಹೀಗೆ ಮರಗಟ್ಟಿದ್ದರು. 48 ಜನರಲ್ಲಿ ಅದು ತೀರಾ ಜೋರಾಗಿತ್ತು. ಹೀಗಾದವರಿಗೆ ಆರು ತಿಂಗಳ ಹೊತ್ತಿಗೆ ಖಿನ್ನತೆ, ಆಘಾತದ ತೊಂದರೆ ಎರಡೂ ಜಾಸ್ತಿ ಕಂಡವು. ‘ನಾನು ಎದುರಿಸಲಿಲ್ಲ’ ಎಂದು ತಮ್ಮನ್ನೇ ಬೈದುಕೊಳ್ಳುವುದು ಆ ಗಾಯಕ್ಕೆ ಖಾರ ಹಚ್ಚಿದಂತೆ.

ಮನಸ್ಸಿನ ಮೇಲಾಗುವ ಪರಿಣಾಮ ಓದುತ್ತಾ ‘ಇನ್ನು ನಾನು ಸರಿಹೋಗಲ್ಲ’ ಅನ್ನಿಸಿರಬಹುದು. ಅದಕ್ಕೆ ಇನ್ನೊಂದು ಲೆಕ್ಕ ಕೊಡುತ್ತೇನೆ. 1992ರ ಒಂದು ಅಧ್ಯಯನದಲ್ಲಿ, ಅತ್ಯಾಚಾರವಾಗಿ ಸುಮಾರು ಎರಡು ವಾರಕ್ಕೆ ನೂರಕ್ಕೆ 94 ಜನರಲ್ಲಿ ಆಘಾತದ ಲಕ್ಷಣಗಳೆಲ್ಲ ಇದ್ದವು. ನಿದ್ದೆ ಬಾರದು, ಬಾಗಿಲು ಬಡಿದರೆ ಬೆಚ್ಚುವುದು, ಅದೇ ದೃಶ್ಯ ಮತ್ತೆ ಮತ್ತೆ. ಮೂರು ತಿಂಗಳಿಗೆ ಅದು 47ಕ್ಕೆ ಇಳಿದಿತ್ತು. ಉಳಿದವರಿಗೂ ದಾರಿ ಇದೆ. ವರ್ಷಗಳು ಕಳೆದ ಮೇಲೆ ಬಂದವರಿಗೂ ಮಾತಿನ ಚಿಕಿತ್ಸೆ ಕೆಲಸ ಮಾಡುತ್ತದೆ. ಇವತ್ತು ರಾತ್ರಿಯೇ ಯಾರಾದರೂ ಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಹಿಳಾ ಸಹಾಯವಾಣಿ 181. ಪೊಲೀಸ್ ದೂರು ಕೊಡಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು. ಅದು ನಿಮ್ಮ ತೀರ್ಮಾನ.
ಆಪ್ತ ಸಮಾಲೋಚಕಿ, ಹಾಸನ

ಮೇಡಂ, ನಾನು ಗಂಡಸು, ಮೂಡಿಗೆರೆ ಕಡೆಯವನು, ವಯಸ್ಸು ನಲವತ್ತೆಂಟು. ಹಾಸ್ಟೆಲಿನಲ್ಲಿದ್ದಾಗ ನನಗೂ ಆಗಿದೆ. ಅದಕ್ಕೆ ಹೆಸರಿದೆ ಎಂದೇ ಗೊತ್ತಿರಲಿಲ್ಲ. ಕೇಂದ್ರ ಸರ್ಕಾರ 2007ರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ವರದಿ ತಂದಿತ್ತು. 13 ರಾಜ್ಯಗಳ 12,447 ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದೋ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದಿದ್ದರು. ಅವರಲ್ಲಿ ಗಂಡುಹುಡುಗರೇ ಒಂದು ಕೈ ಜಾಸ್ತಿ. ಪೇಪರಿನಲ್ಲಿ ಅದನ್ನು ಓದಿದ ದಿನ ಅಂಗಡಿ ಬಾಗಿಲು ಹಾಕಿ ಒಬ್ಬನೇ ಕೂತಿದ್ದೆ. ಹೆಂಡತಿಗೆ ಹೇಳಲು ಮತ್ತೆ ಆರು ವರ್ಷ ಬೇಕಾಯಿತು. ನೀವು ಬರೆಯುವಾಗ ಹುಡುಗರನ್ನು ಬಿಡಬೇಡಿ.
ವ್ಯಾಪಾರಿ, ಮೂಡಿಗೆರೆ ತಾಲ್ಲೂಕು

ಮಗಳೇ, ಅಮ್ಮನಿಗೆ ಹೇಳಲಾ ಎಂದು ಕೇಳಿದ್ದೀಯ. ನಾನು ಹೇಳಿಸಿಕೊಂಡ ಅಮ್ಮ. ನನ್ನ ಮಗಳು ಬಂದು ಹೇಳಿದಾಗ ನಾನು ರಾಗಿ ಹಸನು ಮಾಡುತ್ತಿದ್ದೆ. ನನ್ನ ಬಾಯಲ್ಲಿ ಮೊದಲು ಬಂದ ಮಾತು ‘ಯಾರಿಗೂ ಹೇಳಬೇಡ’. ಎರಡನೆಯದು ‘ಅಲ್ಲಿಗೆ ಯಾಕೆ ಹೋಗಿದ್ದೆ’. ಅವಳು ಎದ್ದು ಒಳಗೆ ಹೋದಳು. ಆಮೇಲೆ ಎರಡು ವರ್ಷ ನನ್ನ ಜೊತೆ ಊಟ ತಿಂಡಿ ಬಿಟ್ಟು ಬೇರೆ ಮಾತಿಲ್ಲ. ಹೇಳಿದಾಗ ಕೇಳಿದವರು ಹೇಗೆ ನಡೆದುಕೊಂಡರು ಅನ್ನುವುದರ ಮೇಲೆ ಗಾಯ ಮಾಯುತ್ತದೋ ಕೀವಾಗುತ್ತದೋ ನಿಂತಿದೆ ಎಂದು ಸಂಶೋಧನೆಗಳೂ ಹೇಳುತ್ತವಂತೆ. ಇದು ಮಗಳೇ ಕೊನೆಗೆ ನನಗೆ ಹೇಳಿದ್ದು.

ಅದಕ್ಕೇ ಹೇಳುತ್ತೇನೆ, ಮೊದಲು ಬಾಯಿ ಕಡಿಮೆ ಇರುವವರಿಗೆ ಹೇಳು. ಚಿಕ್ಕಮ್ಮನೋ, ಅತ್ತಿಗೆಯೋ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮ್ಮನಿಗೆ ಹೇಳು. ಅಮ್ಮ ಮೊದಲ ದಿನ ಏನಂದಳು ಅನ್ನುವುದನ್ನು ಕೊನೆಯ ಮಾತು ಅಂದುಕೊಳ್ಳಬೇಡ. ನಮಗೂ ಯಾರೂ ಇದನ್ನು ಕಲಿಸಿಲ್ಲ. ಮತ್ತೆ ಆ ಮನೆಯ ಸೀಮಂತ, ಗೃಹಪ್ರವೇಶ ಎಂದು ಕರೆದರೆ ಹೋಗಬೇಡ. ಪರೀಕ್ಷೆ ಇದೆ ಅನ್ನು. ಸುಳ್ಳು ಹೇಳಿದರೆ ಪಾಪ ಬರಲ್ಲ.
ಒಬ್ಬ ತಾಯಿ, ಅರಸೀಕೆರೆ

ಎಲ್ಲರೂ ‘ಮುಂದುವರಿಸು’ ಎಂದು ಬರೆಯುತ್ತಾರೆ ಎಂದು ಗೊತ್ತು. ನಾನು ಬದಲಿಸಿ ಅನ್ನುವವನು. ಹಲವು ಪ್ರಾಜೆಕ್ಟುಗಳಿಗೆ ಗೈಡ್ ಆಗಿದ್ದೇನೆ. ನಮ್ಮ ಗಾಯವನ್ನೆಲ್ಲ ಪ್ರಾಜೆಕ್ಟು ಮಾಡಲೇಬೇಕು ಎಂದೇನಿಲ್ಲ. ಗೈಡಿಗೆ ಕಾರಣ ಪೂರ್ತಿ ಹೇಳಬೇಕಾಗಿಯೂ ಇಲ್ಲ. ‘ವಿಷಯ ಭಾರ ಆಗುತ್ತಿದೆ ಸಾರ್’ ಅಂದರೆ ಸಾಕು.

ಬಿಡುವುದಿಲ್ಲ ಅನ್ನುವುದಾದರೆ ಮನೆಮನೆಗೆ ಹೋಗಿ ಹೆಂಗಸರನ್ನು ಕೇಳುವ ಸಾಹಸ ಬೇಡ. ಈಗಾಗಲೇ ಪ್ರಕಟವಾದ ಅಧ್ಯಯನಗಳ ಮೇಲೆ ಬರೆಯಿರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಈ ಪ್ರಶ್ನೆ ಕೇಳುವಾಗ ಒಂದು ಮನೆಯಲ್ಲಿ ಒಬ್ಬ ಹೆಂಗಸನ್ನು ಮಾತ್ರ ಕೇಳುತ್ತಾರೆ. ಏಕಾಂತ ಸಿಗದಿದ್ದರೆ ಕೇಳುವುದೇ ಇಲ್ಲ. ಅಷ್ಟು ತರಬೇತಿ, ಅಷ್ಟು ಎಚ್ಚರ ಒಬ್ಬ ವಿದ್ಯಾರ್ಥಿನಿಗೆ ಎಲ್ಲಿಂದ ಬರಬೇಕು? ಹದಿನೆಂಟು ತುಂಬದವರು ಬಾಯಿಬಿಟ್ಟರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ನೀವು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡುವ ಹಾಗೇ ಇಲ್ಲ. ಗುರುತು ಹೊರಬಿದ್ದರೆ ಏನಾಗುತ್ತದೆ ಎಂದು ಹಾಸನದವರಿಗೆ ನಾನು ಹೇಳಬೇಕೆ? 2024ರ ಚುನಾವಣೆ ಹೊತ್ತಿನಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್ ಡ್ರೈವ್ ಹಂಚಿದವರು ಅದರಲ್ಲಿದ್ದ ಹೆಂಗಸರ ಮುಖ ಕೂಡ ಮುಚ್ಚಿರಲಿಲ್ಲ.
ನಿವೃತ್ತ ಪ್ರಾಧ್ಯಾಪಕ, ಚಿಕ್ಕಮಗಳೂರು

ಹಾಯ್ ಅಕ್ಕ. ಮೂರು ವರ್ಷದ ಹಿಂದೆ ನಾನೂ ಇದೇ ವಿಷಯ ತಗೊಂಡಿದ್ದೆ, ನಿಮ್ಮ ಥರದ್ದೇ ಕಾರಣಕ್ಕೆ. ಎರಡನೇ ಅಧ್ಯಾಯದಲ್ಲಿ ಆರು ವಾರ ನಿಂತುಹೋಯಿತು. ಆಮೇಲೆ ಹಗಲು ಮಾತ್ರ ಓದುವುದು, ರಾತ್ರಿ ಆ ಫೈಲ್ ಮುಟ್ಟುವುದಿಲ್ಲ ಎಂದು ನಿಯಮ ಮಾಡಿಕೊಂಡೆ. ಮುಗಿಯಿತು. ಒಂದೇ ಮಾತು: ಟೈಪಿಂಗ್ ಮಾತ್ರ ಡಿಟಿಪಿ ಅಂಗಡಿಗೆ ಕೊಡಬೇಡಿ. ಅವರು ತಪ್ಪು ನೋಡಲು ಜೋರಾಗಿ ಓದುತ್ತಿದ್ದರು, ಹಿಂದೆ ಜೆರಾಕ್ಸಿಗೆ ಬಂದವರು ಸಾಲು ನಿಂತಿದ್ದರು. ಹಾಳೆ ಕಿತ್ತುಕೊಂಡು ಎದ್ದು ಬಂದೆ. ಉಳಿದ ನಲವತ್ತು ಪುಟ ಅಣ್ಣನ ಲ್ಯಾಪ್‌ಟಾಪಿನಲ್ಲಿ ಎರಡೇ ಬೆರಳಲ್ಲಿ ಕುಟ್ಟಿದೆ. ನಿಮಗೆ ಕನ್ನಡ ಟೈಪಿಂಗ್ ಬರದಿದ್ದರೆ ಸಂಪಾದಕರ ಮೂಲಕ ತಿಳಿಸಿ, ಒಂದು ಭಾನುವಾರ ಕೂತು ಕಲಿಸಿಕೊಡುತ್ತೇನೆ.
ಹಳೆಯ ವಿದ್ಯಾರ್ಥಿನಿ, ಬೇಲೂರು