ಹೆಡಿಂಗ್, ಟ್ರ್ಯಾಕ್, ಬೇರಿಂಗ್: ಮೂರನ್ನೂ ಬೇರೆಬೇರೆಯಾಗಿ ತಿಳಿಯುವ ಬಗೆ

ಕೋರಿಕೆ, ಚಿತ್ರದುರ್ಗದಿಂದ: ಪೈಲಟ್ ಪರವಾನಗಿಯ ಪರೀಕ್ಷೆಗೆ ಓದುತ್ತಿದ್ದೇನೆ. ಹೆಡಿಂಗ್, ಟ್ರ್ಯಾಕ್, ಬೇರಿಂಗ್ ಮೂರೂ ಒಂದರೊಳಗೊಂದು ಕಲಸಿಹೋಗುತ್ತಿವೆ. ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ಉತ್ತರ, ದಾವಣಗೆರೆಯಿಂದ: ಈ ವಿಷಯವನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವವನಾಗಿ ಬರೆಯುತ್ತಿದ್ದೇನೆ. ಸೂತ್ರಗಳಿಗೆ ಕೈಹಾಕುವ ಮೊದಲು ನಕ್ಷೆಯಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಒಂದು ನೇರ ಗೆರೆ ಎಳೆಯಿರಿ. ಅದು ನಿಜ ಉತ್ತರದಿಂದ, ಅಂದರೆ ಭೂಮಿಯ ಉತ್ತರ ಧ್ರುವದ ದಿಕ್ಕಿನಿಂದ, ಬಲಸುತ್ತಾಗಿ ಅಳೆದಾಗ ಸುಮಾರು 115 ಡಿಗ್ರಿಯಲ್ಲಿ ಸಾಗುತ್ತದೆ. ನೀವು ನೆಲದ ಮೇಲೆ ಹಿಡಿಯಬೇಕಾದ ಟ್ರ್ಯಾಕ್ ಅದೇ. ಈಗ ಮುಂಗಾರಿನ ಗಾಳಿ ನೈಋತ್ಯದಿಂದ, ಅಂದರೆ 225 ಡಿಗ್ರಿಯಿಂದ, 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ವೇಗದಲ್ಲಿ ಬೀಸುತ್ತಿದೆ ಎಂದುಕೊಳ್ಳಿ. 100 ನಾಟ್ ವೇಗದ ಪುಟ್ಟ ವಿಮಾನದ ಮೂತಿಯನ್ನು 115ಕ್ಕೇ ಇಟ್ಟು ಹೊರಟರೆ ಗಾಳಿ ಅದನ್ನು ಎಡಕ್ಕೆ, ಜಗಳೂರಿನ ಕಡೆಗೆ ತಳ್ಳುತ್ತದೆ. ಆದ್ದರಿಂದ ಮೂತಿಯನ್ನು ಬಲಕ್ಕೆ, ಗಾಳಿಗೆದುರಾಗಿ, ಸುಮಾರು 11 ಡಿಗ್ರಿ ತಿರುಗಿಸಿ 126ರಲ್ಲಿ ಇರಿಸಬೇಕು. ಆ 126 ಹೆಡಿಂಗ್. ಮೂತಿ ಒಂದು ಕಡೆ ನೋಡುತ್ತಿದ್ದರೂ ವಿಮಾನ ಇನ್ನೊಂದು ಕಡೆ ಸಾಗುತ್ತಿರುತ್ತದೆ ಎಂಬುದು ಮನಸ್ಸಿಗೆ ಹತ್ತಿದರೆ ಅರ್ಧ ಗೊಂದಲ ಕಳೆಯುತ್ತದೆ. ಗಾಳಿಯನ್ನು ಅದು ಬರುವ ದಿಕ್ಕಿನಿಂದ ಹೆಸರಿಸುತ್ತಾರೆ ಎಂಬುದನ್ನು ಮರೆಯಬೇಡಿ. ನಿಮ್ಮೂರಿನ ಸುತ್ತಲಿನ ಗುಡ್ಡಗಳ ಮೇಲಿರುವ ಗಾಳಿಯಂತ್ರಗಳು ಮುಖ ಮಾಡಿ ನಿಲ್ಲುವುದೂ ಆ ದಿಕ್ಕಿಗೇ.

ನಕ್ಷೆಯ ಕೋನ ನಿಜ ಉತ್ತರದ್ದು, ದಿಕ್ಸೂಚಿಯದು ಕಾಂತೀಯ ಉತ್ತರದ್ದು. ನಮ್ಮ ಭಾಗದಲ್ಲಿ ಇವೆರಡರ ಅಂತರ ಪಶ್ಚಿಮಕ್ಕೆ ಒಂದೆರಡು ಡಿಗ್ರಿಯಷ್ಟೇ, ಪಶ್ಚಿಮವಾದರೆ ಅದನ್ನು ನಕ್ಷೆಯ ಕೋನಕ್ಕೆ ಕೂಡಿಸಿ ದಿಕ್ಸೂಚಿಯ ಕೋನ ಪಡೆಯಬೇಕು. ವಿಮಾನದೊಳಗಿನ ಲೋಹ ಮತ್ತು ವಿದ್ಯುತ್ ಉಪಕರಣಗಳಿಂದಾಗುವ ತಪ್ಪಿಗೆ ದಿಕ್ಸೂಚಿಯ ಪಕ್ಕದ ಕಾರ್ಡನ್ನು ನೋಡಿಕೊಳ್ಳಿ.

ಇನ್ನೊಂದು ಉತ್ತರ, ಸರಕು ಹಡಗಿನಲ್ಲಿ ದುಡಿದು ದಾವಣಗೆರೆಗೆ ಮರಳಿದವರಿಂದ: ಮೇಲಿನ ವಿವರಣೆಗೆ ಸಮುದ್ರದ ಮಾತನ್ನಷ್ಟೇ ಸೇರಿಸುತ್ತೇನೆ. ನೀರಿನ ಪ್ರವಾಹವನ್ನು ಗಾಳಿಗೆ ತದ್ವಿರುದ್ಧವಾಗಿ, ಅದು ಹೋಗುವ ದಿಕ್ಕಿನಿಂದ ಹೇಳುತ್ತಾರೆ. ಬೇರಿಂಗ್ ಎಂದರೆ ನಮ್ಮಿಂದ ಇನ್ನೊಂದು ವಸ್ತು ಕಾಣುವ ದಿಕ್ಕು. ನಾವು ಎತ್ತ ಸಾಗುತ್ತಿದ್ದೇವೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹಡಗಿನ ಮೂತಿ 350ರಲ್ಲಿದ್ದು ದೀಪಸ್ತಂಭ ಮೂತಿಯಿಂದ ಬಲಕ್ಕೆ 40 ಡಿಗ್ರಿಯಲ್ಲಿ ಕಂಡರೆ, ಎರಡನ್ನೂ ಕೂಡಿಸಿ 360 ಕಳೆಯಬೇಕು, ಬೇರಿಂಗ್ 030. ಇದನ್ನು ಬರಿಯ ಲೆಕ್ಕವೆಂದು ದಯವಿಟ್ಟು ಭಾವಿಸಬೇಡಿ. ಹತ್ತಿರವಾಗುತ್ತಿರುವ ಹಡಗಿನ ದಿಕ್ಸೂಚಿ ಬೇರಿಂಗ್ ಗಮನಾರ್ಹವಾಗಿ ಬದಲಾಗದಿದ್ದರೆ ಡಿಕ್ಕಿಯ ಅಪಾಯವಿದೆಯೆಂದೇ ತಿಳಿಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ತೀರಾ ದೊಡ್ಡ ಹಡಗು ಸಮೀಪದಲ್ಲಿದ್ದರೆ ಬೇರಿಂಗ್ ಬದಲಾಗುತ್ತಿದ್ದರೂ ಆ ಅಪಾಯ ಇರಬಹುದು ಎಂದೂ ಅದೇ ನಿಯಮ ಎಚ್ಚರಿಸುತ್ತದೆ.