ಭಾವನಿಗೆ ರೇಬೀಸ್ ಇತ್ತು, ನಾವೆಲ್ಲ ಸೂಜಿ ಹಾಕಿಸಿಕೊಳ್ಳಬೇಕಾ?

ಶಿಡ್ಲಘಟ್ಟದ ತಂಗಿ: ಡಾಕ್ಟರೇ, ನಮ್ಮ ಭಾವ ಸೋಮವಾರ ತೀರಿಕೊಂಡರು. ಎರಡು ತಿಂಗಳ ಹಿಂದೆ ನಾಯಿ ಕಚ್ಚಿತ್ತು, ಸೂಜಿ ಹಾಕಿಸಿರಲಿಲ್ಲ. ಕೊನೆಯ ದಿನಗಳಲ್ಲಿ ಅವರ ಜೊಲ್ಲು ಬರಿಗೈಯಲ್ಲಿ ಒರೆಸಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆರಳೆಲ್ಲ ಸೀಳಿತ್ತು. ನನಗೀಗ ಐದು ತಿಂಗಳು. ಸೂಜಿಯಿಂದ ಮಗುವಿಗೆ ತೊಂದರೆಯಾ?

ಚಿಂತಾಮಣಿಯವರು: ನಾನು ಸಾವಿಗೆ ಹೋಗಿ ಹೆಣ ಮುಟ್ಟಿದ್ದೆ. ನನಗೂ ಬೇಕಾ?

ಡಾಕ್ಟರ್: ಮೊದಲು ತಂಗಿಗೆ. ಇವತ್ತೇ ಹೋಗಮ್ಮ, ನಾಳೆ ಅನ್ನಬೇಡ. ಮನುಷ್ಯರಿಂದ ಮನುಷ್ಯರಿಗೆ ರೇಬೀಸ್ ಬರುವುದು ತೀರಾ ಅಪರೂಪ. ಪಕ್ಕಾ ದಾಖಲೆಯಿರುವುದು ಸತ್ತವರ ಕಣ್ಣು, ಅಂಗ ಕಸಿ ಮಾಡಿದ ಪ್ರಕರಣಗಳಿಗೆ. ಆದರೂ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಸೀಳಿದ ಚರ್ಮಕ್ಕೆ, ಕಣ್ಣಿಗೆ, ಬಾಯಿಗೆ ತಾಗಿದ್ದರೆ ಸುಮ್ನೆ ಕೂರುವ ಹಾಗಿಲ್ಲ. ಲಕ್ಷಣ ಶುರುವಾದ ಮೇಲೆ ಉಳಿಸುವ ಔಷಧವೇ ಇಲ್ಲ ಅಲ್ವಾ. ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಬಸುರಿಯರಿಗೂ ಕೊಡುತ್ತೇವೆ, ಹೆದರಬೇಡ. ಚರ್ಮದೊಳಗೆ ಕೊಡುವ ಸೂಜಿಯಾದರೆ 0, 3, 7, 28ನೇ ದಿನ. ಮೊದಲ ಸೂಜಿಯ ದಿನವೇ 0. ನಾಲ್ಕನೆಯದನ್ನು ಬಿಡಬೇಡ. ಬೆರಳು ತೋರಿಸಿ, ಸೀರಮ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯ, ಗಾಯದ ಸುತ್ತ ಕೊಡುವ ಸೂಜಿ) ಬೇಕಾ ಅಂತ ಕೇಳು. ಸೀಳಿತ್ತು ಅನ್ನುವುದನ್ನು ನೀನೇ ಬಾಯಿಬಿಟ್ಟು ಹೇಳು. ಅಕ್ಕನ ವಿಷಯ ಬರೆದಿಲ್ಲ. ಅವಳಿಗೆ ಜೊಲ್ಲು ತಾಗಿತ್ತಾ? ಭಾವ ಕಚ್ಚಿದ್ದು, ಪರಚಿದ್ದು ಏನಾದರೂ?

ಬಾಗೇಪಲ್ಲಿಯವರು: (ಫಾರ್ವರ್ಡ್) ಕಚ್ಚಿದ ಜಾಗಕ್ಕೆ ಸುಣ್ಣ, ಖಾರದಪುಡಿ ಮೆತ್ತಿ ಪಥ್ಯ ಮಾಡಿದರೆ ಸೂಜಿಯೇ ಬೇಡ.

ಡಾಕ್ಟರ್: ಇದನ್ನು ಅಳಿಸಿ. ಈ ತಿಂಗಳು ಮೂರನೇ ಸಲ ಹೇಳುತ್ತಿದ್ದೇನೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಸೀದಾ ಆಸ್ಪತ್ರೆಗೆ ಹೋಗಿ. ಗಾಯಕ್ಕೆ ಬೇರೇನೂ ಮೆತ್ತಬೇಡಿ.

ಬಾಗೇಪಲ್ಲಿಯವರು: ನಮ್ಮ ತಾತ ಎಷ್ಟೋ ಜನಕ್ಕೆ ಔಷಧಿ ಕೊಟ್ಟಿದ್ದರು. ಒಬ್ಬರೂ ಸಾಯಲಿಲ್ಲ.

ಡಾಕ್ಟರ್: ಕಚ್ಚುವ ನಾಯಿಗೆಲ್ಲ ರೇಬೀಸ್ ಇರುವುದಿಲ್ಲ. ಅದಕ್ಕೇ ಬದುಕಿದರು.

ಗೌರಿಬಿದನೂರಿನವರು: ಬೀದಿನಾಯಿಗೆ ಬಿಸ್ಕತ್ ಹಾಕುವವರನ್ನು ಮೊದಲು ಕೇಳಿ.

ಚಿಕ್ಕಬಳ್ಳಾಪುರದವರು: ಬಿಸ್ಕತ್ ಹಾಕುವ ನಾವೇ ಅವಕ್ಕೆ ಲಸಿಕೆಯನ್ನೂ ಹಾಕಿಸುವುದು. ಕಲ್ಲು ಹೊಡೆಯುವುದು ಬಿಟ್ಟು ನೀವೇನು ಮಾಡಿದ್ದೀರಿ?

ಗೌರಿಬಿದನೂರಿನವರು: ನಿಮ್ಮ ಮಗುವಿಗೆ ಕಚ್ಚಲಿ, ಆಮೇಲೆ ಮಾತಾಡಿ.

ಚಿಕ್ಕಬಳ್ಳಾಪುರದವರು: ಬಾಯಿಗೆ ಬಂದ ಹಾಗೆ ಬರೆಯಬೇಡಿ.

ಗುಡಿಬಂಡೆಯವರು: ರೋಗಿಯ ಹಾಸಿಗೆ ಸುಡಬೇಕಾ ಡಾಕ್ಟರ್?

ಚಿಂತಾಮಣಿಯವರು: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಡಾಕ್ಟರ್: ಗಾಯಕ್ಕೆ, ಕಣ್ಣು ಬಾಯಿಗೆ ಜೊಲ್ಲು ತಾಗಿಲ್ಲದಿದ್ದರೆ ಬೇಡ.

ಚೇಳೂರಿನವರು: ನಾನೂ ಹೆಣ ಮುಟ್ಟಿದ್ದೆ ಸರ್.

ಡಾಕ್ಟರ್: ಮೇಲೆ ಓದಿ. ನಾಯಿ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಆ ತಂಗಿ ಹೋದಳಾ? ಗೊತ್ತಿದ್ದವರು ಹೇಳ್ರಪ್ಪ.

ಶಿಡ್ಲಘಟ್ಟದ ತಂಗಿ: ಬಸ್ಸಿನಲ್ಲಿದ್ದೇವೆ ಡಾಕ್ಟರೇ, ಅಕ್ಕನೂ ಇದ್ದಾಳೆ. ನೀರು ಕುಡಿಸುವಾಗ ಭಾವ ಅವಳ ಬೆರಳು ಕಚ್ಚಿದ್ದರಂತೆ. ರಕ್ತ ಬಂದಿತ್ತಂತೆ. ಈಗ ಹೇಳಿದಳು.

ಡಾಕ್ಟರ್: ಅವಳಿಗೆ ಲಸಿಕೆ ಜೊತೆಗೆ ಸೀರಮ್ ಬೇಕೇ ಬೇಕು. ಅಲ್ಲಿ ಸೀರಮ್ ಇಲ್ಲ ಅಂದರೆ ಲಸಿಕೆ ಹಾಕಿಸಿಕೊಂಡು ಸೀದಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಇಳಿದ ತಕ್ಷಣ ನನಗೆ ಫೋನ್ ಮಾಡಮ್ಮ.