ಥ್ರಿಲ್ಲರ್‌ನಲ್ಲಿ ಹೀರೊ ವಯಸ್ಸೂ ಒಂದು ಸುಳಿವು

ಪುಟ್ಟೀ, ಕಾಕಾ, ಎಲ್ಲರೂ ಕೇಳಿಸಿಕೊಳ್ಳಿ. ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉಣಕಲ್ ಕೆರೆ ಹತ್ತಿರ ವಾಕಿಂಗ್ ಮುಗಿಸಿ ಕೂತಿದ್ದೇನೆ, ಹಿಂದೆ ಗದ್ದಲ ಕೇಳಿಸಬಹುದು.

ನಿನ್ನೆ ರಾತ್ರಿ ಪುಟ್ಟಿ ಕೇಳಿದ್ದಳಲ್ಲ, ಕಾದಂಬರಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ 30ರ ಆಸುಪಾಸು, ಸಿನಿಮಾದಲ್ಲಿ ಮಾತ್ರ ಗಂಡ ಅವಳ ಅಪ್ಪನ ಹಾಗೆ ಕಾಣುತ್ತಾನೆ, ಯಾಕೆ ಹೀಗೆ ಮಾಡುತ್ತಾರೆ ಅಂತ. ಅದಕ್ಕೆ ಕಾಕಾ, ನೀವು ಬರೆದಿರಿ: ಕಥೆ ಬಿಗಿಯಾಗಿದ್ದರೆ ಸಾಕು, ನಾವೆಲ್ಲ ಬನಶಂಕರಿ ಜಾತ್ರೆಯಲ್ಲಿ 50 ದಾಟಿದವರ ರಾಜಕುಮಾರನ ಪಾತ್ರ ನೋಡಿ ಚಪ್ಪಾಳೆ ಹೊಡೆದವರು ಅಂತ.

ನಿಜ ಕಾಕಾ, ನಾನೂ ನಿಮ್ಮ ಪಕ್ಕದಲ್ಲೇ ಕೂತು ನೋಡಿದ್ದೇನೆ. ಆದರೆ ಕಂಪನಿ ನಾಟಕದಲ್ಲಿ ನಾವು ದೂರ ಕೂತಿರುತ್ತಿದ್ದೆವು. ಬಣ್ಣ, ಬೆಳಕು, ಹಾಡು ಎಲ್ಲ ಸೇರಿ ವಯಸ್ಸನ್ನು ಮುಚ್ಚುತ್ತಿದ್ದವು. ದನಿ ಗಟ್ಟಿ ಇದ್ದರೆ ಅವನು ರಾಜಕುಮಾರನೇ. ಸಿನಿಮಾದಲ್ಲಿ ಕ್ಯಾಮೆರಾ ಕಣ್ಣಿನ ಕೆಳಗಿನ ಗೆರೆಯವರೆಗೂ ಹೋಗುತ್ತದೆ. ಅದರಲ್ಲೂ ಥ್ರಿಲ್ಲರ್ ನೋಡುವಾಗ ನಾವು ಸುಮ್ನೆ ಕೂತಿರುವುದಿಲ್ಲ. ಬಾಗಿಲು ಯಾಕೆ ತೆರೆದಿದೆ, ಇವಳು ಯಾಕೆ ತಡವಾಗಿ ಬಂದಳು, ಎಲ್ಲವನ್ನೂ ಲೆಕ್ಕ ಹಾಕುತ್ತಿರುತ್ತೇವೆ. ಆಗ ಗಂಡ ಹೆಂಡತಿ ನಡುವೆ 20-25 ವರ್ಷ ಅಂತರ ಕಂಡರೆ ಅದೂ ಒಂದು ಸುಳಿವೇ. ಪುಟ್ಟಿ ಹತ್ತೇ ನಿಮಿಷಕ್ಕೆ "ಗಂಡನೇ ಏನೋ ಮಾಡಿದ್ದಾನೆ" ಅಂದುಕೊಂಡಳಂತೆ. ಕಡೆಗೆ ನೋಡಿದರೆ ಅವನು ಪಾಪದವನು. ಕಥೆ ಬರೆದವರು ಇಡದ ಸುಳಿವನ್ನು ಪಾತ್ರಕ್ಕೆ ಜನ ಆರಿಸಿದವರು ಇಟ್ಟುಬಿಟ್ಟರು. ನನಗೆ ಬೇಸರ ಆಗುವುದು ಇದೇ ಕಾರಣಕ್ಕೆ.

ಯಾಕೆ ಹಾಗಾಗುತ್ತದೆ ಅಂದರೆ, ದುಡ್ಡು ಹಾಕುವವರಿಗೆ ದೊಡ್ಡ ಹೆಸರು ಬೇಕು. ಹೀರೊ ಆ ಹೆಸರು ಮಾಡುವ ಹೊತ್ತಿಗೆ 45 ದಾಟಿರುತ್ತದೆ. ಹೀರೋಯಿನ್ ಮಾತ್ರ ಪ್ರತಿ ಸಲ ಹೊಸಬಳೇ ಬರಬೇಕು.

ಆದರೆ ಅಂತರವೇ ತಪ್ಪು ಅಂತ ನಾನು ಹೇಳುವುದಿಲ್ಲ. ಡಾಫ್ನೆ ಡು ಮೋರಿಯೇ 1938ರಲ್ಲಿ ಬರೆದ 'ರೆಬೆಕಾ' ತಗೊಳ್ಳಿ. ಅದರಲ್ಲಿ ಗಂಡನಿಗೆ 42, ಹುಡುಗಿ ಈಗಷ್ಟೇ 20 ದಾಟಿದವಳು. ಅವನ ಮೊದಲ ಹೆಂಡತಿ ಸತ್ತ ಮೇಲೆ ಇವಳು ಅವನ ದೊಡ್ಡ ಮನೆಗೆ ಬರುತ್ತಾಳೆ. ಆ ಹೆಂಡತಿಯ ಬಗ್ಗೆ ಗಂಡನನ್ನು ಕೇಳಲು ಬಾಯೇ ಬರುವುದಿಲ್ಲ. ಅವನು ಲೋಕ ಕಂಡವನು, ಇವಳು ಏನೂ ಕಾಣದವಳು. ಇಡೀ ಕಥೆಯ ಭಯ ನಿಂತಿರುವುದೇ ಅಲ್ಲಿ. 1940ರಲ್ಲಿ ಹಿಚ್‌ಕಾಕ್ ಮಾಡಿದ ಸಿನಿಮಾದಲ್ಲಿ ಲಾರೆನ್ಸ್ ಒಲಿವಿಯೇ ಹುಟ್ಟಿದ್ದು 1907, ಜೋನ್ ಫಾಂಟೇನ್ 1917. ಪುಸ್ತಕದಷ್ಟಿಲ್ಲ, ಆದರೂ 10 ವರ್ಷದ ಅಂತರ ಉಳಿಯಿತು, ಅವಳ ಅಳುಕು ನಂಬುವ ಹಾಗಿತ್ತು. 2020ರಲ್ಲಿ ಮತ್ತೆ ಮಾಡಿದರು. ಆರ್ಮಿ ಹ್ಯಾಮರ್ 1986, ಲಿಲಿ ಜೇಮ್ಸ್ 1989. ಮೂರು ವರ್ಷವೂ ಇಲ್ಲ! ಇಬ್ಬರೂ ನೋಡಲು ಚೆಂದ. ಆದರೆ ನನಗೆ ಪ್ರತಿ ದೃಶ್ಯದಲ್ಲೂ ಒಂದೇ ಪ್ರಶ್ನೆ: ಇವಳು ಗಂಡನನ್ನು ನೇರವಾಗಿ ಕೇಳಿಬಿಡಬಾರದೇ? ಓದುವಾಗ ಒಂದು ಸಲವೂ ಆ ಪ್ರಶ್ನೆ ಬಂದಿರಲಿಲ್ಲ. ಮುಂದಿನದು ಹೇಳುವುದಿಲ್ಲ, ಪುಟ್ಟಿ ಇನ್ನೂ ಓದಿಲ್ಲ.

ಹೀರೋಯಿನ್ ದೊಡ್ಡವಳಾದರೆ ಜನ ಒಪ್ಪುವುದಿಲ್ಲ ಅಂತಲೂ ಅಂದಿರಲ್ಲ ಕಾಕಾ, ಅದನ್ನು ನಾನು ಒಪ್ಪುವುದಿಲ್ಲ. 2023ರ 'ಜಾನೆ ಜಾನ್' ನೋಡಿ, ಜಪಾನಿನ ಕೀಗೊ ಹಿಗಾಶಿನೊ ಅವರ ಕಾದಂಬರಿಯಿಂದ ಮಾಡಿದ್ದು. ಕರೀನಾ 1980ರವರು, ಪೊಲೀಸ್ ಆಗಿರುವ ವಿಜಯ್ ವರ್ಮಾ 1986ರವರು. ಅವಳು ಶಾಲೆಗೆ ಹೋಗುವ ಮಗಳಿರುವ ತಾಯಿ, ಒಬ್ಬಳೇ ಬದುಕು ಕಟ್ಟಿಕೊಂಡವಳು. ಆ ಮುಖಕ್ಕೆ ಆ ವಯಸ್ಸು ಬೇಕಿತ್ತು. 22ರ ಹುಡುಗಿಯನ್ನು ತಂದು ನಿಲ್ಲಿಸಿದ್ದರೆ ಆ ತಾಯಿಯ ಗಟ್ಟಿತನ ಎಲ್ಲಿಂದ ಬರಬೇಕು?

ನಮ್ಮದೇ 'ಬೆಳದಿಂಗಳ ಬಾಲೆ' ಇದೆ. ಯಂಡಮೂರಿ ವೀರೇಂದ್ರನಾಥರ ಕಾದಂಬರಿ, 1995ರಲ್ಲಿ ಸುನೀಲ್ ಕುಮಾರ್ ದೇಸಾಯಿ ಸಿನಿಮಾ ಮಾಡಿದರು. ಅನಂತ್ ನಾಗ್ ಅವರಿಗೆ ಆಗ ಸುಮಾರು 47. ಫೋನಿನಲ್ಲಿ ಒಂದು ಹುಡುಗಿಯ ದನಿ, ಅವಳನ್ನು ಹುಡುಕುವ ಚೆಸ್ ಆಟಗಾರ. ನಮಗೆ ಹೆಚ್ಚಾಗಿ ಸಿಗುವುದು ದನಿಯೇ, ಹಾಗಾಗಿ ವಯಸ್ಸು ಹೋಲಿಸಿ ನೋಡಲು ಮನಸ್ಸೇ ಬರುವುದಿಲ್ಲ. ಕಾಕಾ, ಇಲ್ಲಿ ನಿಮ್ಮ ಮಾತು ಪೂರ್ತಿ ನಿಜ. ಕಂಪನಿ ನಾಟಕದ ಹಾಗೇ, ದನಿ ಗೆದ್ದುಬಿಟ್ಟಿತು.

ಪುಟ್ಟೀ, 'ರೆಬೆಕಾ' ಪುಸ್ತಕ ನನ್ನ ಹತ್ತಿರ ಇದೆ, ರಟ್ಟು ಕಿತ್ತಿದೆ ಅಷ್ಟೇ. ಭಾನುವಾರ ಧಾರವಾಡದಿಂದ ಬರುವಾಗ ನೆನಪಿಸು, ತೆಗೆದಿಟ್ಟಿರುತ್ತೇನೆ. ನೀನು ಓದಿ ಮುಗಿಸಿದ ಮೇಲೆ 1940ರ ಸಿನಿಮಾ ಎಲ್ಲರೂ ಕೂತು ನೋಡೋಣ. ಕಾಕಾ, ನೀವೂ ಬರಲೇಬೇಕು. ಇಡ್ತೀನಿ, ಕತ್ತಲಾಯಿತು.